ಎಥನಾಲ್ ಟೆಸ್ಟ್‌ಗೆ ಜಿಸಿ ಲೈನರ್ ಆರಿಸುವಾಗ

ಲೈನರ್ ಅಂದರೆ ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಇಂಜೆಕ್ಟರ್ ಒಳಗಿನ ಗಾಜಿನ ಕೊಳವೆ, ಸ್ಯಾಂಪಲ್ ಆವಿಯಾಗುವ ಜಾಗ. ಅದನ್ನು ಆರಿಸಲು ಮೊದಲು ಆವಿಯ ಲೆಕ್ಕ ಹಾಕಿ. ಎಥನಾಲಿನ ಕಲ್ಮಶ ಅಳೆಯುವ ಫಾರ್ಮಕೋಪಿಯಾ (ಔಷಧ ಗುಣಮಟ್ಟದ ಅಧಿಕೃತ ಗ್ರಂಥ) ವಿಧಾನದಲ್ಲಿ 1 ಮೈಕ್ರೋಲೀಟರ್ ಎಥನಾಲನ್ನು 200 ಡಿಗ್ರಿ ಇಂಜೆಕ್ಟರ್‌ಗೆ ನೇರವಾಗಿ ಬಿಡುತ್ತೇವೆ, ಸ್ಪ್ಲಿಟ್ 20:1, ಅಂದರೆ ಆವಿಯ ಸಣ್ಣ ಪಾಲು ಮಾತ್ರ ಕಾಲಮ್‌ಗೆ, ಉಳಿದದ್ದು ಹೊರಗೆ. ಹೆಡ್ ಪ್ರೆಶರ್ (ಕಾಲಮ್‌ನ ಬಾಯಲ್ಲಿ ಅನಿಲದ ಒತ್ತಡ) 10 ಪಿಎಸ್‌ಐ ಆಸುಪಾಸಿನಲ್ಲಿದ್ದರೆ ಆ ಒಂದು ಹನಿ ಸುಮಾರು 400 ಮೈಕ್ರೋಲೀಟರ್ ಆವಿಯಾಗುತ್ತದೆ. 78.5 ಮಿಮೀ ಉದ್ದದ ಲೈನರ್‌ನ ಒಳವ್ಯಾಸ 2 ಮಿಮೀ ಇದ್ದರೆ ಅದರಲ್ಲಿ ಜಾಗ ಬರೀ 250 ಮೈಕ್ರೋಲೀಟರ್, ಆವಿ ಉಕ್ಕಿ ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಮುಚ್ಚಳ) ಕಡೆಗೆ ಹೋಗುತ್ತದೆ, ಮುಂದಿನ ಇಂಜೆಕ್ಷನ್‌ನಲ್ಲಿ ಸುಮ್ನೆ ಹಳೇ ಪೀಕ್ ಕಾಣಿಸುತ್ತೆ. 4 ಮಿಮೀ ತಗೊಳ್ಳಿ.

ಒಳಗೆ ಗ್ಲಾಸ್ ವೂಲ್ ಇರಲಿ. ದ್ರವ ಅದರ ಮೇಲೆ ಹರಡಿ ಪೂರ್ತಿ ಆವಿಯಾದರೆ ಸ್ಪ್ಲಿಟ್ ಒಂದೇ ಸಮ ಬರುತ್ತದೆ. ಆದರೆ ವೂಲ್ ಕೂಡ ಡಿಆಕ್ಟಿವೇಟ್ (ಮೇಲ್ಮೈ ರಾಸಾಯನಿಕವಾಗಿ ನಿಷ್ಕ್ರಿಯ) ಆಗಿರಲೇಬೇಕು, ಕೈಯಾರೆ ತುರುಕಿದ ವೂಲ್ ನನಗಂತೂ ಬೇಡ, ಎಳೆ ಮುರಿದಲ್ಲೆಲ್ಲ ಹೊಸ ಆಕ್ಟಿವ್ ಜಾಗ ಹುಟ್ಟುತ್ತದೆ. ಇಲ್ಲಿ ಅಳೆಯುವ ಕಲ್ಮಶಗಳಲ್ಲಿ ಅಸಿಟಾಲ್ ನಾಜೂಕು. ಆಮ್ಲೀಯ ಜಾಗ, ಸ್ವಲ್ಪ ನೀರು ಸಿಕ್ಕರೆ ಒಡೆದು ಅಸಿಟಾಲ್ಡಿಹೈಡ್ ಆಗಬಹುದು. ಎರಡೂ ಸೇರಿ ಮಿತಿ 10 ಪಿಪಿಎಂ ಅಷ್ಟೇ, ಬೆಂಜೀನ್‌ಗೆ 2. ಇಷ್ಟು ಕಡಿಮೆ ಅಳೆಯುವಾಗ ಲೈನರ್‌ಗೆ ಜಿಪುಣತನ ಮಾಡಬಾರದು ಅಲ್ವಾ?

ಸೂಜಿಯ ತುದಿ ವೂಲ್‌ವರೆಗೆ ಮುಟ್ಟುತ್ತದಾ ನೋಡಿ.

ಹೆಡ್‌ಸ್ಪೇಸ್ (ಬಾಟಲಿಯಲ್ಲಿ ದ್ರವದ ಮೇಲಿನ ಆವಿಯನ್ನೇ ಹಾಕುವ ವಿಧಾನ) ಆದರೆ ಕತೆ ಬೇರೆ: ಬರುವುದೇ ಆವಿ, ವೂಲ್ ಬೇಡ, 1 ಮಿಮೀ ನೇರ ಲೈನರ್ ಸಾಕು, ಪೀಕ್ ಚೂಪಾಗಿರುತ್ತದೆ.

ಹೊಸ ಲೈನರ್ ಹಾಕಿದ ಮೇಲೆ ಲೀಕ್ ನೋಡಿ, ಒಂದೆರಡು ಬ್ಲಾಂಕ್ (ಸ್ಯಾಂಪಲ್ ಇಲ್ಲದ ಓಟ) ಓಡಿಸಿ, ಆಮೇಲೆ ಅಸಿಟಾಲ್ಡಿಹೈಡ್–ಮೆಥನಾಲ್ ರೆಸಲ್ಯೂಷನ್ (ಎರಡು ಪೀಕ್‌ಗಳು ಎಷ್ಟು ಬೇರೆಯಾಗಿವೆ ಎಂಬ ಅಳತೆ) 1.5ಕ್ಕಿಂತ ಕಡಿಮೆ ಇಲ್ಲ ಅಂತ ಖಚಿತ ಮಾಡಿಕೊಂಡೇ ಸ್ಯಾಂಪಲ್ ಹಾಕಿ.