ಇಟಲಿಯ ರಸ್ತೆಗಿಳಿಯುವ ಮೊದಲು: ಮನೆಮಂದಿ, ಗೆಳೆಯರೊಂದಿಗೆ ಹೊರಡುವ ಕನ್ನಡಿಗರಿಗೆ

ಊರಿನಿಂದ ಅಪ್ಪ ಅಮ್ಮ ಬಂದಿರುವ ಬೇಸಿಗೆಯಲ್ಲಿ ಎರಡು ಮೂರು ಮನೆಯವರು ಒಟ್ಟಾಗಿ ಜರ್ಮನಿಯಿಂದ ಇಟಲಿಗೆ ರಸ್ತೆಯಲ್ಲೇ ಹೋಗಿಬರುವುದು ಸೊಗಸಾದ ಪ್ರವಾಸ. ಬೇಕಾದಲ್ಲಿ ನಿಲ್ಲಬಹುದು, ಮಾತ್ರೆಯ ಹೊತ್ತಿಗೆ ಸರಿಯಾಗಿ ಊಟ ಮಾಡಬಹುದು, ಕುಕ್ಕರನ್ನೂ ಡಿಕ್ಕಿಯಲ್ಲಿ ಇಟ್ಟುಕೊಳ್ಳಬಹುದು. ಆದರೆ ಇಟಲಿಯ ರಸ್ತೆ ವ್ಯವಸ್ಥೆ ತಪ್ಪು ಮಾಡಿದವರನ್ನು ಸಾಮಾನ್ಯವಾಗಿ ಅಲ್ಲೇ ತಡೆದು ಹೇಳುವುದಿಲ್ಲ. ಕ್ಯಾಮೆರಾ ನಂಬರ್ ಪ್ಲೇಟನ್ನು ದಾಖಲಿಸಿಕೊಳ್ಳುತ್ತದೆ. ನೀವು ಮನೆ ಸೇರಿ ಎಲ್ಲವನ್ನೂ ಮರೆತ ಮೇಲೆ ದಂಡದ ಪತ್ರ ಬರುತ್ತದೆ. ಹಾಗಾಗಿ ತಿಳಿದುಕೊಳ್ಳಬೇಕಾದುದನ್ನೆಲ್ಲ ಹೊರಡುವ ಮೊದಲೇ ತಿಳಿದುಕೊಳ್ಳಬೇಕು.

ಮೊದಲು ವಾಹನ. ಸಾಮಾನ್ಯ ಕಾರು ಓಡಿಸುವ ಬಿ ದರ್ಜೆಯ ಪರವಾನಗಿಯಲ್ಲಿ ಚಾಲಕರೂ ಸೇರಿ ಒಂಬತ್ತು ಜನರ ವಾಹನದವರೆಗೆ ಓಡಿಸಬಹುದು. ಆದರೆ ಒಂಬತ್ತು ಸೀಟೂ ತುಂಬಿದರೆ ಊರಿನಿಂದ ತಂದ ದೊಡ್ಡ ಸೂಟ್‌ಕೇಸುಗಳಿಗೆ ಜಾಗವಿರುವುದಿಲ್ಲ. ಒಂಬತ್ತು ಸೀಟಿನ ವ್ಯಾನಿನಲ್ಲಿ ಏಳು ಜನ ಹೋದರೆ ಹಾಯಾಗಿರುತ್ತದೆ. ಅದಕ್ಕಿಂತ ಹೆಚ್ಚು ಜನರಿದ್ದರೆ ಎರಡು ಕಾರೇ ವಾಸಿ. ಹಳೆಯ ಊರುಗಳ ನೆಲಮಾಳಿಗೆಯ ಪಾರ್ಕಿಂಗ್‌ಗಳಲ್ಲಿ ಎತ್ತರದ ಮಿತಿ ಇರುತ್ತದೆ, ವ್ಯಾನಿನ ಎತ್ತರವನ್ನು ಗುರುತು ಹಾಕಿಟ್ಟುಕೊಳ್ಳಿ. ಬಾಡಿಗೆ ಒಪ್ಪಂದದಲ್ಲಿ ಹೆಸರಿರುವವರು ಮಾತ್ರ ಓಡಿಸಬೇಕು. "ಸ್ವಲ್ಪ ಹೊತ್ತು ನಾನು ಓಡಿಸುತ್ತೇನೆ" ಎಂದು ಬೇರೆಯವರು ಕೂತರೆ, ಅಪಘಾತವಾದಾಗ ವಿಮೆ ಕೈಕೊಡಬಹುದು.

ಬೆಂಗಳೂರಿನಿಂದ ಪ್ರವಾಸಕ್ಕೆಂದೇ ಬಂದಿರುವ ತಮ್ಮನೋ ಭಾವನೋ ಓಡಿಸುವುದಾದರೆ, ಊರಿನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆದು, ಮೂಲ ಪರವಾನಗಿಯನ್ನೂ ಜೊತೆಗೆ ತರಬೇಕು. ಜರ್ಮನಿಯಲ್ಲಿ ನೆಲೆಸಿ ಆರು ತಿಂಗಳು ದಾಟಿದವರಿಗೆ ಭಾರತದ ಪರವಾನಗಿ ಅಲ್ಲಿ ಸಲ್ಲುವುದಿಲ್ಲ. ಅಂಥವರನ್ನು ಚಾಲಕರ ಪಟ್ಟಿಗೆ ಸೇರಿಸಲೇಬೇಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಝಡ್‌ಟಿಎಲ್, ಅಂದರೆ ಸಂಚಾರ ನಿರ್ಬಂಧಿತ ವಲಯ. ಫ್ಲಾರೆನ್ಸ್, ರೋಮ್, ಪೀಸಾ, ಬೊಲೋನ್ಯ ಮೊದಲಾದ ಅನೇಕ ಊರುಗಳ ಹಳೆಯ ಭಾಗಗಳಿಗೆ ಅನುಮತಿ ಪಡೆದ ವಾಹನಗಳಿಗಷ್ಟೇ ಪ್ರವೇಶ. ಗೇಟಿಲ್ಲ, ಸರಪಳಿಯಿಲ್ಲ, ಬಿಳಿ ವೃತ್ತಕ್ಕೆ ಕೆಂಪು ಅಂಚಿನ ಫಲಕ, ಪಕ್ಕದಲ್ಲಿ ಕ್ಯಾಮೆರಾ, ಅಷ್ಟೇ. ಫಲಕದ ದೀಪದಲ್ಲಿ 'ವಾರ್ಕೋ ಅತ್ತೀವೋ' (ದ್ವಾರ ಸಕ್ರಿಯ) ಎಂದಿದ್ದರೆ ನಿರ್ಬಂಧ ಜಾರಿಯಲ್ಲಿದೆ, ಒಳಗೆ ಹೋಗಬಾರದು. 'ನೋನ್ ಅತ್ತೀವೋ' ಎಂದಿದ್ದರೆ ಹೋಗಬಹುದು. 'ಅತ್ತೀವೋ' ಎಂಬುದನ್ನು ಓದಿ ದಾರಿ ತೆರೆದಿದೆ ಎಂದುಕೊಂಡು ನುಗ್ಗುವವರು ಬಹಳ. ಮೊಬೈಲ್ ನಕ್ಷೆ ಎಚ್ಚರಿಸುತ್ತದೆ ಎಂದು ನಂಬಿ ಕೂರಬೇಡಿ. ದಾರಿ ತಪ್ಪಿ ಅದೇ ಕ್ಯಾಮೆರಾದ ಮುಂದೆ ಎರಡು ಸಲ ಹಾದರೆ ಎರಡು ದಂಡ ಬೀಳಬಹುದು. ವಲಯದೊಳಗಿನ ಹೋಟೆಲ್ ಕಾಯ್ದಿರಿಸಿದ್ದರೆ ನಿಮ್ಮ ವಾಹನದ ಸಂಖ್ಯೆಯನ್ನು ಅವರಿಗೆ ಮೊದಲೇ ಕಳುಹಿಸಿ, ನೋಂದಾಯಿಸುತ್ತೇವೆ ಎಂಬ ಉತ್ತರವನ್ನು ಬರಹದಲ್ಲೇ ಪಡೆಯಿರಿ. ಮಿಲಾನಿನ ನಡುಭಾಗದ 'ಏರಿಯಾ ಸಿ' ಬೇರೆ ಬಗೆಯದು. ಅಲ್ಲಿ ವಾರದ ದಿನಗಳಲ್ಲಿ ಶುಲ್ಕ ಕಟ್ಟಿ ಒಳಗೆ ಹೋಗಬೇಕು.

ವಿದೇಶದಲ್ಲಿರುವವರಿಗೆ ದಂಡದ ನೋಟಿಸ್ ಕಳುಹಿಸಲು ಇಟಲಿಯ ಕಾನೂನು 360 ದಿನಗಳ ಅವಕಾಶ ಕೊಡುತ್ತದೆ. ನೋಟಿಸ್ ಕೈಸೇರಿದ ಐದು ದಿನಗಳೊಳಗೆ ಕಟ್ಟಿದರೆ ಇಂಥ ದಂಡಗಳಲ್ಲಿ ಶೇ. 30 ರಿಯಾಯಿತಿ ಇದೆ. ಅದಕ್ಕೂ ಮೊದಲು ಬಾಡಿಗೆ ಕಂಪನಿ ನಿಮ್ಮ ವಿವರವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆಂದು ಕಾರ್ಡಿನಿಂದ ಹಣ ಕಡಿತ ಮಾಡಿಕೊಳ್ಳಬಹುದು; ಅದು ಕಂಪನಿಯ ಸೇವಾ ಶುಲ್ಕ, ದಂಡವಲ್ಲ. ಒಪ್ಪಂದಕ್ಕೆ ಸಹಿ ಹಾಕಿದವರೊಬ್ಬರ ತಲೆಗೇ ಇದೆಲ್ಲ ಬರುತ್ತದೆ. ಆಮೇಲೆ ಬರುವ ದಂಡವನ್ನು ಎಲ್ಲರೂ ಹಂಚಿಕೊಳ್ಳಬೇಕೋ ಓಡಿಸಿದವರೇ ಕೊಡಬೇಕೋ ಎಂಬುದನ್ನು ಹೊರಡುವ ಮುನ್ನವೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಸಂಕೋಚಪಟ್ಟು ಸುಮ್ಮನಿದ್ದರೆ ಸ್ನೇಹಕ್ಕೇ ಪೆಟ್ಟು.

ನನ್ನ ಸಲಹೆ ಇಷ್ಟೇ: ಕಾರು ಊರಿನಿಂದ ಊರಿಗೆ ಇರಲಿ, ಊರೊಳಗೆ ಬೇಡ. ಫ್ಲಾರೆನ್ಸ್‌ಗೆ ಹೋಗುವವರಿಗೆ ಎ1 ಹೆದ್ದಾರಿಯಲ್ಲೇ ವಿಲ್ಲಾ ಕೊಸ್ತಾಂತ್ಸಾ ಎಂಬ ಪಾರ್ಕಿಂಗ್ ಇದೆ. ಹೆದ್ದಾರಿ ಬಿಡದೆ ಅಲ್ಲಿ ಕಾರು ನಿಲ್ಲಿಸಿ, ಟ್ರಾಮ್ ಹತ್ತಿದರೆ ನೇರ ನಡುಪೇಟೆಯ ರೈಲು ನಿಲ್ದಾಣದ ಬಳಿ ಇಳಿಯಬಹುದು. ಮಂಡಿನೋವಿನ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಕಂಡಿಲ್ಲ. ವೆನಿಸ್‌ಗೆ ಹೋಗುವವರು ಅದರ ಎದುರಿನ ದಡದ ಮೆಸ್ತ್ರೆಯಲ್ಲಿ ಕಾರು ಬಿಟ್ಟು ರೈಲಿನಲ್ಲಿ ಹೋಗಿ. ಚಿಂಕ್ವೆ ತೆರ್ರೆಯ ಐದು ಹಳ್ಳಿಗಳಿಗೆ ಲಾ ಸ್ಪೆತ್ಸಿಯಾದಿಂದ ರೈಲು. ರೋಮ್‌ನಲ್ಲಿ ಊರಂಚಿನ ಅನಾನ್ಯೀನಾ ನಿಲ್ದಾಣದಿಂದ ಮೆಟ್ರೊ. ಬೇರೆಡೆ ರಸ್ತೆ ಬದಿಯ ಗೆರೆ ನೋಡಿ: ಬಿಳಿ ಉಚಿತ, ನೀಲಿಗೆ ಹಣ, ಹಳದಿ ಮೀಸಲು.

ಮ್ಯೂನಿಕ್ ಕಡೆಯಿಂದ ಬರುವವರು ಆಸ್ಟ್ರಿಯಾದ ವಿನ್ಯೆಟ್ (ಹೆದ್ದಾರಿ ಬಳಕೆಯ ಶುಲ್ಕದ ಚೀಟಿ) ಕೊಳ್ಳಬೇಕು; ಬ್ರೆನ್ನರ್ ಕಣಿವೆದಾರಿಗೆ ಅದಲ್ಲದೆ ಪ್ರತ್ಯೇಕ ಟೋಲ್. ಇಟಲಿಯ ಹೆಚ್ಚಿನ ಟೋಲ್ ಹೆದ್ದಾರಿಗಳಲ್ಲಿ ಹತ್ತುವಾಗ ಚೀಟಿ, ಇಳಿಯುವಾಗ ಹಣ. ಹಳದಿ ಬಣ್ಣದ 'ಟೆಲೆಪಾಸ್' ಸಾಲು, ಟೋಲ್ ತಾನಾಗಿ ಕಟ್ಟುವ ಉಪಕರಣ ಕಾರಿನಲ್ಲಿ ಇರುವವರಿಗೆ ಮಾತ್ರ. ತಪ್ಪು ಸಾಲಿಗೆ ಹೋದರೂ ಹಿಂದಕ್ಕೆ ಮಾತ್ರ ಬರಬೇಡಿ, ಸಹಾಯದ ಗುಂಡಿ ಒತ್ತಿ. ಯಂತ್ರ ಕಾರ್ಡ್ ಒಪ್ಪದಿದ್ದರೆ ಅದೇ ಕೊಡುವ ರಸೀದಿ ಇಟ್ಟುಕೊಂಡು 15 ದಿನಗಳಲ್ಲಿ ಆನ್‌ಲೈನ್ ಕಟ್ಟಬಹುದು. ಮಿಲಾನಿನ ಉತ್ತರಕ್ಕಿರುವ ಎ36ರಲ್ಲಿ ಟೋಲ್ ಕಟ್ಟೆಯೇ ಇಲ್ಲ. ಕ್ಯಾಮೆರಾ ಸಂಖ್ಯೆ ಓದುತ್ತದೆ, ನೀವಾಗಿಯೇ ನೆನಪಿಟ್ಟುಕೊಂಡು ಕಟ್ಟಬೇಕು.

ವೇಗದ ಮಿತಿ ಹೆದ್ದಾರಿಯಲ್ಲಿ ಗಂಟೆಗೆ 130 ಕಿ.ಮೀ., ಮಳೆಯಲ್ಲಿ 110, ಊರೊಳಗೆ 50. ಹಲವು ಹೆದ್ದಾರಿಗಳಲ್ಲಿ ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗವನ್ನೇ ಅಳೆಯುತ್ತಾರೆ, ಕ್ಯಾಮೆರಾ ಕಂಡಾಗ ಮಾತ್ರ ನಿಧಾನಿಸಿ ಪ್ರಯೋಜನವಿಲ್ಲ. ಮೊಬೈಲ್ ಹಿಡಿದು ಓಡಿಸಿದರೆ 2024ರ ಡಿಸೆಂಬರಿನ ತಿದ್ದುಪಡಿಯ ನಂತರ ದಂಡ 250 ಯೂರೋದಿಂದ ಮೇಲೆ. ಒಂದೂವರೆ ಮೀಟರಿಗಿಂತ ಗಿಡ್ಡ ಮಕ್ಕಳಿಗೆ ತಕ್ಕ ಸೀಟು ಕಡ್ಡಾಯ. ಡೀಸೆಲ್‌ಗೆ ಅಲ್ಲಿ 'ಗಸೋಲಿಯೋ' ಎನ್ನುತ್ತಾರೆ.

ಹೋಟೆಲಿನವರು ಪ್ರತಿಯೊಬ್ಬರ ಪಾಸ್‌ಪೋರ್ಟ್ ಕೇಳಿ ಪೊಲೀಸರಿಗೆ ವರದಿ ಕಳುಹಿಸುತ್ತಾರೆ. ಇದರಿಂದ ಗಾಬರಿಯಾಗುವುದು ಬೇಡ. ಬೇರೆ ಶೆಂಗೆನ್ ದೇಶದ ಮೂಲಕ ಬಂದ ನಿಮ್ಮ ತಂದೆತಾಯಿ ಎಂಟು ದಿನಗಳೊಳಗೆ ಮಾಡಬೇಕಾದ ಹಾಜರಿ ಘೋಷಣೆಯ (ಇಟಲಿಗೆ ಬಂದಿದ್ದೇವೆ ಎಂದು ಪೊಲೀಸರಿಗೆ ತಿಳಿಸುವ) ಕೆಲಸವೂ ಅದರಿಂದಲೇ ಮುಗಿಯುತ್ತದೆ. ರಸೀದಿಗಳನ್ನು ಜೋಪಾನ ಮಾಡಿ. ತಲೆಗಿಷ್ಟು ಎಂದು ರಾತ್ರಿಯ ಲೆಕ್ಕದಲ್ಲಿ ನಗರ ತೆರಿಗೆ ಬೇರೆ ಇರುತ್ತದೆ.

ಊಟದ ವಿಷಯ ಹಿರಿಯರಿದ್ದಾಗ ಹಗುರವಲ್ಲ. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಮುಚ್ಚುವ ಅಡುಗೆಮನೆಗಳು ಸಂಜೆ ಏಳರ ಮೇಲೆಯೇ ತೆರೆಯುತ್ತವೆ. ಪಾರ್ಮೆಸಾನ್ ಚೀಸ್ ಕರುವಿನ ಹೊಟ್ಟೆಯ ಕಿಣ್ವದಿಂದ ಆಗುವಂಥದ್ದು. ಕಟ್ಟುನಿಟ್ಟಾದ ಸಸ್ಯಾಹಾರಿಗಳಿಗೆ ಇದನ್ನು ಮೊದಲೇ ಹೇಳುವುದು ಮಕ್ಕಳ ಕರ್ತವ್ಯ. ಚೀಸ್ ಇಲ್ಲದ ಮರಿನಾರಾ ಪಿಜ್ಜಾ ಎಲ್ಲೆಡೆ ಸಿಗುತ್ತದೆ. ಸೂಪ್‌ನಲ್ಲಿ ಮಾಂಸದ ಸಾರು ಇದೆಯೇ ಎಂದು ಕೇಳಿ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ರಾತ್ರಿ ಅನ್ನ ಸಾರು ಆಗುತ್ತದೆ. ರೋಮ್‌ನ ತೆರ್ಮಿನಿ ನಿಲ್ದಾಣದ ಹತ್ತಿರದ ಎಸ್ಕ್ವಿಲೀನೋ ಮಾರುಕಟ್ಟೆಯಲ್ಲಿ ನಮ್ಮ ಬೇಳೆ, ಮಸಾಲೆ ಸಿಗುತ್ತವೆ.

ಕೊನೆಯದಾಗಿ ಔಷಧಿ. ಹಿರಿಯರ ಮಾತ್ರೆಗಳ ರಾಸಾಯನಿಕ ಹೆಸರಿರುವ ವೈದ್ಯರ ಚೀಟಿಯ ಪ್ರತಿ ಜೊತೆಗಿರಲಿ, ಎರಡು ಕಾರಿದ್ದರೆ ಎರಡರಲ್ಲೂ, ಏಕೆಂದರೆ ಊರಿನ ಬ್ರ್ಯಾಂಡ್ ಹೆಸರು ಹಸಿರು ಶಿಲುಬೆಯ ಔಷಧ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ತುರ್ತಾದರೆ 112ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ 'ಪ್ರೊಂತೊ ಸೊಕ್ಕೋರ್ಸೊ' (ತುರ್ತು ಚಿಕಿತ್ಸೆ) ಎಂಬ ಫಲಕ ಹುಡುಕಿ. ವಿಮೆಯ ಪತ್ರ ಮತ್ತು ಅದರ ಸಹಾಯವಾಣಿ ಸಂಖ್ಯೆಯನ್ನು ಅಪ್ಪ ಅಮ್ಮನ ಕೈಚೀಲದಲ್ಲೇ ಇಡಿ.