ಇಪ್ಪತ್ತು ಜನರ ವರ್ಕ್‌ಶಾಪ್‌ಗೂ ಎಚ್‌ಆರ್ ಬೇಕು: ಶುರು ಮಾಡುವುದು ಹೇಗೆ?

ಪೀಣ್ಯದಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ, ಬೆಳಗಾವಿಯ ಉದ್ಯಮಬಾಗದಲ್ಲೋ ಇಪ್ಪತ್ತು-ಇಪ್ಪತ್ತೈದು ಜನರ ಒಂದು ಮಷಿನ್ ಶಾಪ್ ನಡೆಸುತ್ತಿದ್ದೀರಿ ಅಂದುಕೊಳ್ಳಿ. ಎಚ್‌ಆರ್ ಅಂತ ಬೇರೆ ವಿಭಾಗ ಇರುವುದಿಲ್ಲ. ಜನ ಹುಡುಕುವುದು, ಸಂಬಳ ಕೊಡುವುದು, ರಜೆ ತಕರಾರು ಬಗೆಹರಿಸುವುದು ಎಲ್ಲವೂ ಮಾಲೀಕರ ತಲೆ ಮೇಲೆಯೇ. ಇಂಥ ಕಡೆ ಹೆಚ್ಚಿನ ಜಗಳ ಹುಟ್ಟುವುದು ಬಾಯಿಮಾತಿನಿಂದ. "ಆರು ತಿಂಗಳು ಆಗ್ಲಿ, ಜಾಸ್ತಿ ಮಾಡ್ತೀನಿ" ಅಂದದ್ದು ಕೆಲಸಗಾರರಿಗೆ ನೆನಪಿರುತ್ತದೆ, ನೂರೆಂಟು ತಾಪತ್ರಯದಲ್ಲಿರುವ ಮಾಲೀಕರಿಗೆ ಮರೆತುಹೋಗಿರುತ್ತದೆ. ಹಾಗಾಗಿ ಕೆಳಗಿನ ಹೆಜ್ಜೆಗಳಲ್ಲಿ ಬಹುತೇಕ ಎಲ್ಲ ಕಡೆ ಒಂದು ಕಾಗದದ ಮಾತು ಬರುತ್ತದೆ.

ಹೆಜ್ಜೆ 1: ಏನು ಕೆಲಸ ಅಂತ ಬರೆಯಿರಿ

"ಅನುಭವಿ ಆಪರೇಟರ್ ಬೇಕಾಗಿದ್ದಾರೆ" ಅಂತ ಗೇಟಿಗೆ ಬೋರ್ಡ್ ಹಾಕಿದರೆ ಯಾರು ಬೇಕಾದರೂ ಬರುತ್ತಾರೆ. ಯಾವ ಮಷಿನ್, ಡ್ರಾಯಿಂಗ್ ಓದಲು ಬರಬೇಕಾ, ಪ್ರೋಗ್ರಾಂ ತಿದ್ದಬೇಕಾ ಅಥವಾ ಜಾಬ್ (ಮಷಿನ್‌ಗೆ ಹಾಕುವ ಲೋಹದ ತುಂಡು) ಹಾಕಿ ತೆಗೆದರೆ ಸಾಕಾ, ರಾತ್ರಿ ಶಿಫ್ಟ್ ಇದೆಯಾ, ಸಂಬಳ ಎಷ್ಟು, ಇಷ್ಟನ್ನು ಅರ್ಧ ಪುಟದಲ್ಲಿ ಬರೆಯಿರಿ. ಅದನ್ನೇ ಹತ್ತಿರದ ಐಟಿಐಗೆ, ಜಿಟಿಟಿಸಿಗೆ (ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರ) ಕಳಿಸಿ. ಸಂದರ್ಶನದಲ್ಲಿ ಹತ್ತು ಪ್ರಶ್ನೆ ಕೇಳುವುದಕ್ಕಿಂತ ಒಂದು ಡ್ರಾಯಿಂಗ್, ಒಂದು ತುಂಡು, ಒಂದು ವರ್ನಿಯರ್ ಕೈಗೆ ಕೊಟ್ಟು ಅಳೆಯಲು ಹೇಳಿದರೆ ಐದು ನಿಮಿಷದಲ್ಲಿ ವಿಷಯ ಗೊತ್ತಾಗುತ್ತದೆ. ಮದುವೆ ಯಾವಾಗ, ಮಕ್ಕಳು ಯಾವಾಗ ಅಂತ ಹೆಣ್ಣುಮಕ್ಕಳನ್ನು ಕೇಳುವ ಚಾಳಿ ಇನ್ನೂ ಇದೆ. ದಯವಿಟ್ಟು ಬಿಟ್ಟುಬಿಡಿ. ಕೆಲಸಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಹೆಜ್ಜೆ 2: ನೇಮಕಾತಿ ಪತ್ರ ಕೊಡಿ

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಈಗ ನೇಮಕಾತಿ ಪತ್ರ ಕೊಡಲೇಬೇಕು. ಹುದ್ದೆ, ಸೇರಿದ ದಿನ, ಸಂಬಳದ ವಿವರ, ಕೆಲಸದ ಹೊತ್ತು, ಪ್ರೊಬೇಷನ್ ಎಷ್ಟು ತಿಂಗಳು, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು, ಇಷ್ಟಿದ್ದರೆ ಒಂದು ಪುಟ ಸಾಕು. ಕನ್ನಡದಲ್ಲೇ ಬರೆಯಿರಿ. ಓದಿ ಅರ್ಥ ಮಾಡಿಕೊಂಡು ಹಾಕಿದ ಸಹಿಗೆ ಬೆಲೆ ಜಾಸ್ತಿ.

ಇನ್ನೊಂದು ಮಾತು. ಮಾರ್ಕ್ಸ್ ಕಾರ್ಡ್, ಐಟಿಐ ಸರ್ಟಿಫಿಕೇಟ್ ಒರಿಜಿನಲ್ ಇಟ್ಟುಕೊಳ್ಳಬೇಡಿ. ನೋಡಿ, ಜೆರಾಕ್ಸ್ ತೆಗೆದುಕೊಂಡು, ಅವತ್ತೇ ವಾಪಸ್ ಕೊಡಿ. ಹುಡುಗ ಬಿಟ್ಟು ಹೋಗದಿರಲಿ ಅಂತ ಕಾಗದ ಒತ್ತೆ ಇಟ್ಟುಕೊಳ್ಳುವುದು ಅನ್ಯಾಯ, ಅದರಿಂದ ಯಾರೂ ಮನಸ್ಸಿಟ್ಟು ಕೆಲಸ ಮಾಡಿದ್ದಿಲ್ಲ.

ಹೆಜ್ಜೆ 3: ಮೊದಲ ವಾರ ಒಬ್ಬರ ಜೊತೆ ಬಿಡಿ

ಹೊಸಬರನ್ನು ಬಂದ ದಿನವೇ ಮಷಿನ್ ಮುಂದೆ ಒಂಟಿಯಾಗಿ ನಿಲ್ಲಿಸಬೇಡಿ. ತಾಳ್ಮೆ ಇರುವ ಹಿರಿಯರೊಬ್ಬರನ್ನು ಜೊತೆಗೆ ಹಾಕಿ. ತಿರುಗುತ್ತಿರುವ ಚಕ್ (ಜಾಬ್ ಹಿಡಿದುಕೊಳ್ಳುವ ಭಾಗ) ಹತ್ತಿರ ಗ್ಲೌಸ್ ಹಾಕಿಕೊಂಡು ಕೈ ಚಾಚಬಾರದು, ಯಾಕೆಂದರೆ ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಚಿಪ್ಸ್, ಅಂದರೆ ಲೋಹದ ಚೂರುಗಳನ್ನು, ಬರಿಗೈಯಲ್ಲಿ ತೆಗೆಯಬಾರದು. ಎಮರ್ಜೆನ್ಸಿ ಸ್ಟಾಪ್ ಎಲ್ಲಿದೆ ಅಂತ ಬಾಯಲ್ಲಿ ಹೇಳುವ ಬದಲು ಅವರ ಕೈಯಲ್ಲೇ ಒತ್ತಿಸಿ. ಏನೇನು ಕಲಿಸಿದ್ದೀರಿ ಅಂತ ಪಟ್ಟಿ ಮಾಡಿ ಇಬ್ಬರ ಸಹಿ ಹಾಕಿಸಿಡಿ.

ಹೆಜ್ಜೆ 4: ಸಂಬಳ ಚೀಟಿ ಬಿಡಿಸಿ ಹೇಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಅತಿ ಹೆಚ್ಚು ಬೇಜಾರು ಆಗುವುದು ಇಲ್ಲೇ.

ಮೊದಲು ನಿಮ್ಮ ಉದ್ಯಮದ, ನಿಮ್ಮ ವಲಯದ ಕನಿಷ್ಠ ವೇತನ ಎಷ್ಟು ಅಂತ ನೋಡಿ. ಕರ್ನಾಟಕದಲ್ಲಿ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ, ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ನಡೆಯುವುದಿಲ್ಲ. ಹತ್ತು ಜನ ಇದ್ದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ), ಇಪ್ಪತ್ತು ಜನ ಇದ್ದರೆ ಪಿಎಫ್ (ಭವಿಷ್ಯ ನಿಧಿ) ಕಟ್ಟಬೇಕು.

ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಒಬ್ಬರಿಗೆ 20,000 ರೂಪಾಯಿ, ಬೇರೆ ಭತ್ಯೆ ಏನೂ ಇಲ್ಲ ಅಂದುಕೊಳ್ಳಿ. ಪಿಎಫ್‌ಗೆ 15,000 ರೂಪಾಯಿ ಮಿತಿ ಹಿಡಿದರೆ ಅದರ ಶೇ 12, ಅಂದರೆ 1,800. ಇಎಸ್‌ಐ ಶೇ 0.75ರಂತೆ 150. ಕೈಗೆ ಸಿಗುವುದು 18,050. ತಿಂಗಳ ಮೊದಲ ವಾರ ಅವರು ಬಂದು "ಸಾರ್, ಇಪ್ಪತ್ತು ಅಂದಿದ್ರಲ್ಲ, ಹದಿನೆಂಟೇ ಬಂದಿದೆ" ಅಂದರೆ ರೇಗಬೇಡಿ. ಚೀಟಿ ಮುಂದಿಟ್ಟು ಕೂರಿಸಿಕೊಂಡು ಹೇಳಿ: ನಿಮ್ಮಿಂದ ಹಿಡಿದಿದ್ದು 1,950, ನಾನು ನನ್ನ ಕೈಯಿಂದ ಹಾಕಿದ್ದು ಪಿಎಫ್‌ಗೆ 1,800, ಇಎಸ್‌ಐಗೆ ಶೇ 3.25ರಂತೆ 650. ಇಎಸ್‌ಐ ಕಾರ್ಡ್ ಇದ್ದರೆ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ, ಕಾಯಿಲೆ ಬಿದ್ದು ರಜೆ ಹಾಕಿದರೆ ನಿಯಮದಂತೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಬರುತ್ತದೆ. ಇದನ್ನು ಯಾರೂ ಹೇಳಿರುವುದಿಲ್ಲ, ಅದಕ್ಕೇ ಅವರಿಗೆ ಅದು ಸುಮ್ನೆ ಕಳೆದುಹೋದ ದುಡ್ಡಿನ ಹಾಗೆ ಕಾಣುತ್ತದೆ. ಇಎಸ್‌ಐ ಇರುವುದು 21,000 ರೂಪಾಯಿವರೆಗಿನ ಸಂಬಳದವರಿಗೆ. ಈ ಮಿತಿಗಳೂ ಆಗಾಗ ಬದಲಾಗುತ್ತವೆ, ವರ್ಷಕ್ಕೊಮ್ಮೆ ನೋಡಿಕೊಳ್ಳಿ.

ಹಿಡಿದ ದುಡ್ಡನ್ನು ಕಟ್ಟದೆ ಉಳಿಸಿಕೊಳ್ಳುವುದು ಮಾತ್ರ ಯಾವ ಕಷ್ಟ ಬಂದರೂ ಬೇಡ. ಅದು ನಿಮ್ಮ ದುಡ್ಡಲ್ಲ. ಸಂಬಳ ಮುಂದಿನ ತಿಂಗಳ 7ರೊಳಗೆ ಹೋಗಬೇಕು, ಬ್ಯಾಂಕ್ ಖಾತೆಗೇ ಹಾಕಿ. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಮಾಡಿಸಿದರೆ ದುಪ್ಪಟ್ಟು ದರ. "ಟೀ, ಬನ್ ಕೊಡಿಸಿದ್ದೀನಲ್ಲ" ಅನ್ನುವುದು ಓಟಿ ಲೆಕ್ಕಕ್ಕೆ ಬರುವುದಿಲ್ಲ.

ಹೆಜ್ಜೆ 5: ರಜೆ, ದೂರು, ಶಿಸ್ತು

ವರ್ಷದ ರಜಾಪಟ್ಟಿಯನ್ನು ಜನವರಿಯಲ್ಲೇ ಗೋಡೆಗೆ ಅಂಟಿಸಿ. ರಾಜ್ಯೋತ್ಸವವೂ ಅದರಲ್ಲಿರಲಿ. ರಜೆ ಕೇಳಿದ್ದು, ಕೊಟ್ಟಿದ್ದು ಒಂದು ಪುಸ್ತಕದಲ್ಲಿ ಬರೆದಿಡಿ.

ಹತ್ತು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, ಇದು 2013ರ ಕಾಯ್ದೆ. ಅಧ್ಯಕ್ಷರು ಹಿರಿಯ ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು, ಒಬ್ಬರು ಹೊರಗಿನವರು. ಇಬ್ಬರೇ ಹೆಣ್ಣುಮಕ್ಕಳು ಇರುವುದು, ನಮಗ್ಯಾಕೆ ಸಮಿತಿ ಅನ್ನಬೇಡಿ. ಇಬ್ಬರೇ ಇರುವ ಕಡೆ ಹೇಳಿಕೊಳ್ಳುವುದು ಇನ್ನೂ ಕಷ್ಟ, ಅಲ್ವಾ?

ಯಾರಾದರೂ ತಪ್ಪು ಮಾಡಿದರೆ ಎಲ್ಲರ ಮುಂದೆ ಬೈಯಬೇಡಿ. ಏನಾಯಿತು ಅಂತ ಬರೆದು ನೋಟಿಸ್ ಕೊಡಿ, ಅವರ ಉತ್ತರ ಕೇಳಿ, ಆಮೇಲೆ ತೀರ್ಮಾನ ಮಾಡಿ. "ನಾಳೆಯಿಂದ ಬರಬೇಡ" ಅಂದುಬಿಟ್ಟರೆ ನ್ಯಾಯದ ಲೆಕ್ಕದಲ್ಲೂ ತಪ್ಪು, ಲೇಬರ್ ಕೋರ್ಟಿನಲ್ಲೂ ನಿಲ್ಲುವುದಿಲ್ಲ.

ಹೆಜ್ಜೆ 6: ಬಿಡುವವರ ಲೆಕ್ಕ ಮುಗಿಸಿ

ಬಿಟ್ಟು ಹೋಗುವವರನ್ನು ನೀವು ಹೇಗೆ ಕಳಿಸಿಕೊಡುತ್ತೀರಿ ಅಂತ ಉಳಿದವರೆಲ್ಲ ನೋಡುತ್ತಿರುತ್ತಾರೆ. ಹೊಸ ಸಂಹಿತೆ ಪ್ರಕಾರ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ಐದು ವರ್ಷ ಮುಗಿಸಿದವರಿಗೆ ಗ್ರಾಚ್ಯುಟಿ (ಸೇವೆಗಾಗಿ ಬಿಡುವಾಗ ಕೊಡುವ ಇಡಿಗಂಟು) ಇದೆ: ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ, ಆಮೇಲೆ ವರ್ಷಗಳಿಂದ ಗುಣಿಸಿ. 20,000 ಸಂಬಳ, ಆರು ವರ್ಷ ಅಂದರೆ ಸುಮಾರು 69,230 ರೂಪಾಯಿ. ನಿಗದಿತ ಅವಧಿಗೆ ನೇಮಕವಾದವರಿಗೆ ಈಗ ಒಂದೇ ವರ್ಷ ಸಾಕು. ಅನುಭವ ಪತ್ರ ಅವತ್ತೇ ಕೊಟ್ಟುಬಿಡಿ.

ಪಿಎಫ್ ಪೋರ್ಟಲ್‌ನಲ್ಲಿ ಅವರು ಬಿಟ್ಟ ದಿನಾಂಕ ಹಾಕುವುದನ್ನು ಬಹಳ ಕಡೆ ಮರೆಯುತ್ತಾರೆ. ಅದು ಹಾಕದಿದ್ದರೆ ದುಡ್ಡು ತೆಗೆಯಲು, ವರ್ಗಾಯಿಸಲು ತೊಂದರೆಯಾಗುತ್ತದೆ. ಎರಡು ತಿಂಗಳು ಕಳೆದ ಮೇಲೆ ಅವರೇ ಹಾಕಿಕೊಳ್ಳಬಹುದು ನಿಜ, ಆದರೆ ಅಷ್ಟು ದಿನ ಕಾಯಿಸಬೇಡಿ. ಕೊನೆ ತಿಂಗಳ ಚಲನ್ ಕಟ್ಟಿದ ದಿನವೇ ಅದನ್ನೂ ಹಾಕಿ, ಹಾಕಿದ್ದೀವಿ ಅಂತ ಅವರಿಗೊಂದು ಫೋನ್ ಮಾಡಿ.