ಗೋಡೆ ಒಡೆಯದೆ ಮುಜಂಟಿಯನ್ನು ಪೆಟ್ಟಿಗೆಗೆ ತಂದೆ

ಹಳೇ ಮನೆಯ ಮುರಕಲ್ಲಿನ ಗೋಡೆಯಲ್ಲಿ ನಾಲ್ಕು ಮುಜಂಟಿ (ಚುಚ್ಚದ ಸಣ್ಣ ಜೇನುಹುಳ) ಕುಟುಂಬ ಇತ್ತು. ಮೊದಲನೆಯದನ್ನು ಎಲ್ಲರ ಹಾಗೆ ಕಲ್ಲು ಎಬ್ಬಿಸಿಯೇ ತೆಗೆದೆ. ಅವು ಕಟ್ಟಿದ ಜೇನಿನ ಕುಡಿಕೆಗಳು ಒಡೆದು ಆ ಜೇನುತುಪ್ಪದಲ್ಲೇ ನೂರಾರು ಹುಳ ಮುಳುಗಿದವು. ವಾಸನೆಗೆ ಸಣ್ಣ ನೊಣ ಬಂದು ಮೊಟ್ಟೆ ಇಟ್ಟಿತು. ಹತ್ತು ದಿನದಲ್ಲಿ ಪೆಟ್ಟಿಗೆ ತುಂಬಾ ನೊಣದ ಮರಿ! ಗೋಡೆ ರಿಪೇರಿಗೆ ಸುಮಾರು ಮೂರು ಸಾವಿರ ಹೋಯಿತು. ಅದಕ್ಕಿಂತ ಆ ಹುಳಗಳನ್ನು ಕೊಂದದ್ದೇ ಜಾಸ್ತಿ ಬೇಸರ.

ಎರಡನೆಯದಕ್ಕೆ ಪೈಪ್ ಹಾಕಿದೆ. ಗೋಡೆಯಲ್ಲಿನ ಗೂಡಿನ ಬಾಗಿಲಿಂದ ಪೆಟ್ಟಿಗೆಯ ಹಿಂದಕ್ಕೆ, ಪೆಟ್ಟಿಗೆಯ ಮುಂದಿನ ತೂತಿಂದ ಹೊರಗೆ. "ಅದು ಬರ್ಲಿಕ್ಕುಂಟಾ?" ಎಂದು ನೆರೆಯವರು ನಕ್ಕರು. ಪೈಪಿನ ಸುತ್ತ ಜೇಡಿಮಣ್ಣು ಮೆತ್ತಿದ್ದೆ, ಒಣಗಿ ಬಿರುಕು ಬಿಟ್ಟು ಹುಳಗಳು ಅಲ್ಲಿಂದಲೇ ಓಡಾಡಿದವು. ಬಿರುಕು ಮುಚ್ಚಿದ ಮೇಲೆ ಐದು ತಿಂಗಳು ಪೆಟ್ಟಿಗೆಯನ್ನು ಸುಮ್ನೆ ಓಣಿ ಮಾಡಿಕೊಂಡವು, ಒಂದು ಕುಡಿಕೆಯೂ ಕಟ್ಟಲಿಲ್ಲ. ಪೆಟ್ಟಿಗೆ ದೊಡ್ಡದಾಗಿತ್ತು ಎಂದು ಆಮೇಲೆ ಹೊಳೆಯಿತು.

ದೀಪಾವಳಿ ಕಳೆದು ಚಿಕ್ಕ ಪೆಟ್ಟಿಗೆ ಇಟ್ಟೆ, ಒಂದೂವರೆ ಲೀಟರು ಹಿಡಿಯುವಷ್ಟು. ಬೇರೆ ಪೆಟ್ಟಿಗೆಯಿಂದ ಮೊಟ್ಟೆಗೊಂಚಲು ತಂದಿಟ್ಟೆ, ರಾಣಿಕೋಶ (ಹೊಸ ರಾಣಿ ಬೆಳೆಯುವ ಕೋಶ) ಇದ್ದದ್ದನ್ನೇ ಹುಡುಕಿ. ಅಂಚಿನಲ್ಲಿ ಉಳಿದವಕ್ಕಿಂತ ದೊಡ್ಡದು ಕಾಣುತ್ತದಲ್ವಾ, ಅದು. ಹೊಸ ಬಾಗಿಲಿಗೆ, ಹಳೇ ಬಾಗಿಲಲ್ಲಿ ಹುಳಗಳೇ ಕಟ್ಟಿದ್ದ ಕೊಳವೆಯ ಮೇಣವನ್ನೇ ಅಂಟಿಸಿದೆ. ಅದಕ್ಕೆ ಇನ್ನೊಂದು ಅಂಟನ್ನೂ ಬೆರೆಸಿದ್ದೇನೆ, ಯಾವುದು ಎಂದು ಕೇಳಬೇಡಿ.

ನಡುವೆ ಪೆಟ್ಟಿಗೆ ಮೇಲೆ ತೆಂಗಿನ ಗೆರಟೆ ಕವುಚಿ ನೋಡಿದೆ, ತುಪ್ಪ ಬೇರೆ ಸಿಗಲಿ ಎಂದು. ನಾಲ್ಕೈದು ಕುಡಿಕೆ ಕಟ್ಟಿದವು. ಇರುವೆ ತಿಂದು ಮುಗಿಸಿತು! ಈಗ ಸ್ಟ್ಯಾಂಡಿನ ಕಾಲಿಗೆ ಗ್ರೀಸ್ ಹಚ್ಚುತ್ತೇನೆ.

ಪತ್ತನಾಜೆ (ಮೇ ಕೊನೆಯ ವಾರ ಬರುವ ತುಳುನಾಡಿನ ಆಚರಣೆ) ಹೊತ್ತಿಗೆ ಹೊಸ ರಾಣಿ ಮೊಟ್ಟೆ ಇಡುತ್ತಿತ್ತು. ರಾತ್ರಿ ಪೈಪ್ ಕತ್ತರಿಸಿ ಪೆಟ್ಟಿಗೆಯನ್ನು ದೂರದ ಅಡಿಕೆ ತೋಟಕ್ಕೆ ಒಯ್ದೆ, ಹತ್ತಿರ ಇಟ್ಟರೆ ಹುಳ ಹಳೇ ಜಾಗಕ್ಕೇ ವಾಪಸ್. ಗೋಡೆಯೊಳಗಿನ ಹಳೇ ರಾಣಿಗೆ ಏನೂ ಆಗಲಿಲ್ಲ. ಮೊಟ್ಟೆ ಇಡುವ ರಾಣಿ ಹೊಟ್ಟೆಭಾರಕ್ಕೆ ಹಾರುವುದೂ ಇಲ್ಲ, ಅಲ್ಲೇ ಉಳಿಯಿತು. ಒಂದು ಎರಡಾಯಿತು, ಸತ್ತದ್ದು ಕೈಬೆರಳಲ್ಲಿ ಎಣಿಸುವಷ್ಟು.

ಖರ್ಚು ಪೈಪ್, ಹಲಗೆ ಸೇರಿ ಮುನ್ನೂರರ ಒಳಗೆ. ತುಂಬಿದ ಪೆಟ್ಟಿಗೆ ಕೊಳ್ಳಲು ಹೋದರೆ ಆಗ ಎರಡು ಸಾವಿರ ಕೇಳುತ್ತಿದ್ದರು. ಮೊದಲ ಮಳೆಗಾಲ ಒಂದು ಚಮಚ ತುಪ್ಪವೂ ತೆಗೆಯಲಿಲ್ಲ, ಅದು ಅವುಗಳ ಊಟ. ಮುಂದಿನ ಬೇಸಗೆಗೆ ಕಾಲು ಕಿಲೋದ ಹತ್ತಿರ ಸಿಕ್ಕಿತು, ಅರ್ಧ ಅವಕ್ಕೇ ಬಿಟ್ಟು.

ಅಂದು ನಕ್ಕ ನೆರೆಯವರೇ ಮೊನ್ನೆ ಪೈಪ್ ಹಿಡಿದುಕೊಂಡು ಬಂದಿದ್ದರು, ಅವರ ಕೊಟ್ಟಿಗೆ ಗೋಡೆಯಲ್ಲಿ ಎರಡು ಇದೆಯಂತೆ. ಅಂಟು ನಾನೇ ಹಚ್ಚಿ ಕೊಟ್ಟೆ.